ದುಡ್ಡು ಕೇಳದ ಕಾಗದ

೧೯೯೬ರ ಆಷಾಢದಲ್ಲಿ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಹಲವು ವಿಧವೆಯರಿಗೆ ಒಂದೇ ಬಗೆಯ ಕಾಗದ ಅಂಚೆಯಲ್ಲಿ ಬಂತು. ಕಳುಹಿಸಿದವರು 'ಅಖಿಲ ಭಾರತ ವಿಧವಾ ವೇತನ ತ್ವರಿತ ಮಂಜೂರಾತಿ ನಿಗಮ'. ಅಂಥ ನಿಗಮ ಇರಲಿಲ್ಲ. ತಮ್ಮ ವೇತನ ಮಂಜೂರಾಗಿದೆ, ಹದಿನೈದು ದಿನದೊಳಗೆ ನೋಂದಣಿ ಶುಲ್ಕ ಮನಿಯಾರ್ಡರ್ ಮಾಡಿದರೆ ಮುಂದಿನ ತಿಂಗಳಿಂದಲೇ ಹಣ ಮನೆ ಬಾಗಿಲಿಗೆ ಬರುತ್ತದೆ ಎಂದು ಅದರಲ್ಲಿತ್ತು. ವಿಳಾಸದ ಜಾಗದಲ್ಲಿ ದೂರದ ಊರಿನ ಒಂದು ಪೋಸ್ಟ್ ಬಾಕ್ಸ್ ಸಂಖ್ಯೆ.

ಸುದ್ದಿ ಇಷ್ಟೇ. ನಾನಾಗ ಒಂದು ದಿನಪತ್ರಿಕೆಗೆ ಶ್ರೀರಂಗಪಟ್ಟಣದಲ್ಲಿ ಕೂತು ಈ ನಾಲ್ಕೂ ತಾಲ್ಲೂಕಿನ ವರದಿ ಬರೆಯುತ್ತಿದ್ದೆ. ಕೂತು ಎಂದದ್ದು ಮಾತಿಗೆ. ಹೆಚ್ಚಿನ ಹೊತ್ತು ಬಸ್ಸಿನಲ್ಲಿ ನಿಂತಿರುತ್ತಿದ್ದೆ. ಯಾರು, ಏನು, ಎಲ್ಲಿ, ಯಾವಾಗ ಎಂಬುದನ್ನು ಮೊದಲ ಪ್ಯಾರಾದಲ್ಲೇ ಮುಗಿಸಬೇಕು, 'ಏಕೆ' ಎಂಬುದನ್ನು ಜಾಗ ಉಳಿದರೆ ನೋಡೋಣ ಎಂದು ನಮ್ಮ ಡೆಸ್ಕಿನವರು ಕಲಿಸಿದ್ದರು. ಜಾಗ ಎಂದೂ ಉಳಿಯಲಿಲ್ಲ. ಹಾಗೆ ಉಳಿದುಹೋದ ಎಷ್ಟೋ 'ಏಕೆ'ಗಳಲ್ಲಿ ಇದೂ ಒಂದು.

ಆ ಕಾಗದದ ಒಂದು ಪ್ರತಿ ನನ್ನ ಕೈಗೆ ಸಿಕ್ಕಿತು. ನೋಡಲು ಚೆನ್ನಾಗಿತ್ತು, ಮೊದಲ ಅನುಮಾನ ಅಲ್ಲೇ ಹುಟ್ಟಬೇಕು. ದಪ್ಪ ಹಾಳೆ, ಎರಡು ಬಣ್ಣದ ಅಚ್ಚು. ಎಡಗಡೆ ಗಂಡಭೇರುಂಡ, ಬಲಗಡೆ ಸಿಂಹಗಳು. ರಾಜ್ಯ ಸರ್ಕಾರವೂ ಕೇಂದ್ರ ಸರ್ಕಾರವೂ ಅಷ್ಟು ಅನ್ಯೋನ್ಯವಾಗಿ ನಿಂತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಸಿಂಹಗಳು ನಾಲ್ಕಿದ್ದವು. ಸಾರನಾಥದ ಕಂಬದ ಮೇಲೆ ನಾಲ್ಕಿರುವುದು ನಿಜವೇ, ಆದರೆ ನಾಣ್ಯದಲ್ಲಾಗಲಿ ನೋಟಿನಲ್ಲಾಗಲಿ ಪ್ರಜೆಗಳಿಗೆ ಕಾಣಿಸುವುದು ಮೂರು ಮಾತ್ರ. ನಾಲ್ಕನೆಯದು ಬೆನ್ನು ಹಾಕಿ ಹಿಂದೆ ಕೂತಿರುತ್ತದೆ. ನಿಗಮದವರು ಅದನ್ನೂ ಬಿಡದೆ, ಮದುವೆ ಮನೆಯ ಫೋಟೋಕ್ಕೆ ಹಿಂದೆ ನಿಂತ ಷಡ್ಡಕನನ್ನು ಮುಂದಕ್ಕೆ ಎಳೆದ ಹಾಗೆ, ಪಕ್ಕಕ್ಕೆ ಕರೆದು ಕೂರಿಸಿದ್ದರು.

ಭಾಷೆಯಂತೂ ಜೋನಿಬೆಲ್ಲ. 'ಪೂಜ್ಯ ಮಾತೃಶ್ರೀಯವರ ಪಾದಾರವಿಂದಗಳಲ್ಲಿ' ಎಂದು ಶುರು. ಮಾತೃಶ್ರೀಯವರು ಪಟ್ಟ ಕಷ್ಟವನ್ನು ಸರ್ಕಾರ 'ಕಣ್ಣೀರಿನಿಂದ ಗಮನಿಸಿದೆ'ಯಂತೆ. ನಮ್ಮ ಸರ್ಕಾರಗಳಿಗೆ ಗಮನಿಸುವ ಅಭ್ಯಾಸವಿದೆ, ಪರಿಶೀಲಿಸುವ ಅಭ್ಯಾಸವಿದೆ, ಪರಿಶೀಲಿಸಲು ಮತ್ತೊಬ್ಬರಿಗೆ ಸೂಚಿಸುವ ಅಭ್ಯಾಸವಂತೂ ಇದ್ದೇ ಇದೆ. ಅಳುವ ಅಭ್ಯಾಸವಿಲ್ಲ. ಇನ್ನು ಆ 'ತ್ವರಿತ' ಎಂಬ ಪದ. ಅದೊಂದು ಸಾಕಿತ್ತು.

ನಿಜವಾದ ಸರ್ಕಾರಿ ಕಾಗದ ಹೇಗಿರುತ್ತದೆಂದು ನಿಮಗೂ ಗೊತ್ತು. ಅದು ಕಾರ್ಬನ್ನಿನ ನಾಲ್ಕನೆಯ ಪ್ರತಿ. ಮೊದಲ ಮೂರು ಯಾರಿಗೆ ಹೋದವೋ ದೇವರೇ ಬಲ್ಲ. 'ಉಲ್ಲೇಖ' ಎಂಬಲ್ಲಿ ನೀವು ಕಂಡು ಕೇಳಿರದ ಪತ್ರಗಳ ಸಂಖ್ಯೆ. ನಿಮ್ಮ ಹೆಸರಿನ ಮುಂದೆ ಗಂಡನ ಹೆಸರಿರಬೇಕಾದಲ್ಲಿ ಮಾವನ ಹೆಸರು. ಕೊನೆಯಲ್ಲಿ 'ತಪ್ಪಿದಲ್ಲಿ' ಎಂದು ಶುರುವಾಗುವ ಒಂದು ವಾಕ್ಯ; ಅದಿಲ್ಲದಿದ್ದರೆ ಮೊಹರು ಒತ್ತಿದರೂ ಮೂಡುವುದಿಲ್ಲವೇನೋ. ಕಚೇರಿಗೆ ಹಾಜರಾಗಬೇಕಾದ ತಾರೀಕು ಕಾಗದ ನಿಮ್ಮ ಕೈ ಸೇರಿದ ದಿನಕ್ಕಿಂತ ಒಂದು ದಿನ ಹಿಂದಿನದು. ಈ ಲಕ್ಷಣಗಳಲ್ಲಿ ಎರಡಾದರೂ ಇದ್ದರೆ ಕಾಗದ ಅಸಲಿ ಎಂದು ಕಣ್ಣು ಮುಚ್ಚಿ ನಂಬಬಹುದು.

ಸುಳ್ಳು ಸರ್ಕಾರಿ ಕಾಗದ ಬರೆಯುವ ವಿದ್ಯೆಯೇನೂ ಹೊಸದಲ್ಲ. ನಮ್ಮ ಕಡೆ ತೊಣ್ಣೂರಿನಿಂದ ನಾಗಮಂಗಲದ ತನಕ ಯಾವ ಹಳೆಯ ಗುಡಿಯ ಮಗ್ಗುಲಿಗೆ ಹೋದರೂ ಒಂದು ಶಾಸನದ ಕಲ್ಲು ಇರುತ್ತದೆ. ಇಂಥ ರಾಜ ಇಂಥ ಭೂಮಿ ಬಿಟ್ಟ, ಇದನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೊಲಸಿನಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂಬ ಶಾಪ ಅವುಗಳ ಕೊನೆಯಲ್ಲಿ ಸಾಮಾನ್ಯ. ಆದರೆ ಯಾವ ರಾಜನೂ ಕೊಡದ ಊರನ್ನು ಕೊಟ್ಟನೆಂದು ಬರೆಸಿಟ್ಟುಕೊಂಡ ತಾಮ್ರಪಟಗಳೂ ನಾಡಿನಲ್ಲಿ ಸಿಕ್ಕಿವೆ. ವಿದ್ವಾಂಸರು ಅವನ್ನು ಕೂಟಶಾಸನ ಎನ್ನುತ್ತಾರೆ. ತಿಥಿಗೂ ವಾರಕ್ಕೂ ತಾಳೆಯಾಗದೆ, ಇಲ್ಲವೇ ಅಕ್ಷರದ ಅಂದ ರಾಜನ ಕಾಲಕ್ಕಿಂತ ಎಷ್ಟೋ ಈಚಿನದಾಗಿ, ಅವು ಸಿಕ್ಕಿಬೀಳುತ್ತವೆ. ಒಂದು ವ್ಯತ್ಯಾಸವನ್ನು ಮಾತ್ರ ಗಮನಿಸಬೇಕು. ಆಗಿನ ಕಳ್ಳ ಕೊಡುವ ರಾಜನನ್ನು ಕಲ್ಪಿಸಿಕೊಂಡ. ಈಗಿನವನು ಕೇಳುವ ಸರ್ಕಾರವನ್ನು. ಇಬ್ಬರೂ ಪಾಪ, ಅಸಲಿಗೆ ಆದಷ್ಟು ಹತ್ತಿರವಿರಲೆಂದೇ ಶ್ರಮಪಟ್ಟವರು.

ನಾನು ವರದಿ ಬರೆದೆ. 'ವಿಧವೆಯರೇ, ಎಚ್ಚರ' ಎಂಬ ತಲೆಬರಹದಲ್ಲಿ ಅದು ಒಳಪುಟದಲ್ಲಿ ಬಂತು. ಅದರ ಪಕ್ಕಕ್ಕೇ, ಮುಂಗಡ ಹಣ ಕಳಿಸಿದರೆ ಒಂದು ವಾರದಲ್ಲಿ ಶ್ರೀಮಂತರಾಗಿಸುವ ಉಂಗುರದ ಜಾಹೀರಾತು. ಉಂಗುರದ್ದು ಎರಡು ಕಾಲಂ, ನನ್ನದು ಒಂದು.

ದೂರು ಯಾರೂ ಕೊಡಲಿಲ್ಲ. ತೊಣ್ಣೂರಿನಲ್ಲಿ ಹಣ ಕಳಿಸಿದ್ದ ಒಬ್ಬ ಹೆಂಗಸನ್ನು ಹುಡುಕಿಕೊಂಡು ಹೋಗಿ, 'ಮೋಸ ಹೋಗಿದ್ದೀರಿ, ಪೊಲೀಸರಿಗೆ ಹೇಳಬಾರದೆ?' ಎಂದೆ. ಆಕೆ ಮೊರದಲ್ಲಿದ್ದ ಹುರುಳಿಯಿಂದ ತಲೆ ಎತ್ತದೆ ಉತ್ತರ ಕೊಟ್ಟಳು. "ಅದೇನ್ ಅವಸರ ನಿಮ್ಗೆ? ಆಷಾಡ್ದಲ್ಲಿ ಕಟ್ಟಿವ್ನಿ. ಬರೋ ಯುಗಾದಿ ಗಂಟನಾದ್ರೂ ಕಾಯ್ಬ್ಯಾಡ್ವಾ? ಸರ್ಕಾರದ್ ಕೆಲ್ಸ ಅಂದ್ರೆ ಸುಮ್ಕಾದದಾ?" ಅಸಲಿ ಸರ್ಕಾರ ವರ್ಷಾನುಗಟ್ಟಲೆ ಶ್ರಮಪಟ್ಟು ಜನರಲ್ಲಿ ಬೆಳೆಸಿದ ತಾಳ್ಮೆಯ ಫಲವನ್ನು ನಿಗಮದವರು ಪುಕ್ಕಟೆ ಉಣ್ಣುತ್ತಿದ್ದರು.

ಸಂತೆಬಾಚಹಳ್ಳಿಯಲ್ಲೂ ಕೇಳಿದೆ, ಕೃಷ್ಣರಾಜಪೇಟೆ ಬಸ್ ಸ್ಟ್ಯಾಂಡಿನಲ್ಲೂ ಕೇಳಿದೆ. ಎಲ್ಲ ಕಡೆಯೂ ಇದೇ ರಾಗ. ಅಷ್ಟರಲ್ಲಿ ನನ್ನ ಸೋದರತ್ತೆ ಜವರಮ್ಮನಿಗೂ ಕಾಗದ ಬಂದಿದೆಯೆಂದು ಅವಳ ಊರಿನಿಂದ ಹೇಳಿಕಳಿಸಿದರು.

ಅತ್ತೆಯ ಊರು ಈ ನಾಲ್ಕು ತಾಲ್ಲೂಕುಗಳಲ್ಲಿ ಒಂದರಲ್ಲಿದೆ. ಯಾವುದೆಂದು ಹೇಳುವುದಿಲ್ಲ. ಮುಂದೆ ಅಲ್ಲಿನ ಒಂದು ಕಚೇರಿಯ ಮಾತು ಬರುತ್ತದೆ. ಒಂದರ ಹೆಸರು ಹೇಳಿದರೆ ತಮ್ಮನ್ನು ಕೈಬಿಟ್ಟರೆಂದು ಉಳಿದ ಮೂರು ನೊಂದುಕೊಂಡಾವು. ಮಾವ ತೀರಿಹೋಗಿ ಆಗಲೇ ಕೆಲವು ವರ್ಷವಾಗಿತ್ತು. ಮನೆಯಲ್ಲಿ ಊಟಕ್ಕೆ ಕೊರತೆಯಿಲ್ಲ. ಗದ್ದೆಯಿದೆ, ಎರಡು ಸೀಮೆಹಸು ಇವೆ, ಹಸುವಿನ ಸಗಣಿ ಬಾಚಿ ಹಾಲು ಕರೆಯುವುದೂ ಅತ್ತೆಯೇ. ಆದರೆ ಡೈರಿಯ ಹಾಲಿನ ಪುಸ್ತಕ ಮೈದುನನ ಹೆಸರಿನಲ್ಲಿ. ಬಟವಾಡೆ ಅವನ ಜೇಬಿಗೆ. ಎಲೆ ಅಡಿಕೆಗೆ, ಬಳೆಗಾರ ಬಂದಾಗ ಮಗಳ ಮಕ್ಕಳ ಕೈಗೆ ಎರಡು ಬಳೆ ತೊಡಿಸುವುದಕ್ಕೆ, ತವರಿಗೆ ಹೋಗುವ ಬಸ್ ಚಾರ್ಜಿಗೆ ಅವನ ಮುಂದೆ ನಿಲ್ಲಬೇಕು. ಅವನು ಇಲ್ಲವೆನ್ನುವುದಿಲ್ಲ. 'ಯಾಕೆ' ಅನ್ನುತ್ತಾನೆ. ಅತ್ತೆಗೆ ಸಾಲದ ಭಯವಿರಲಿಲ್ಲ, ಹಸಿವಿನ ಭಯವಿರಲಿಲ್ಲ. ಆ ಒಂದು 'ಯಾಕೆ'ಯಿಂದ ತಪ್ಪಿಸಿಕೊಳ್ಳಬೇಕಿತ್ತು. ಅದಕ್ಕೇ ವಿಧವಾ ವೇತನಕ್ಕೆ ಅರ್ಜಿ ಹಾಕಿದ್ದಳು.

ನಾನು ಹೋದಾಗ ಜಗಲಿಯ ಮೇಲೆ ಬೋರೇಗೌಡರು ಕೂತಿದ್ದರು. ಹಿಂದೆ ಪಂಚಾಯ್ತಿ ಮೆಂಬರಾಗಿದ್ದವರು. ಊರಿಗೆ ಯಾವ ಸರ್ಕಾರಿ ಕಾಗದ ಬಂದರೂ ಅಸಲಿಯೋ ನಕಲಿಯೋ ಎಂದು ತೀರ್ಪು ಕೊಡುವ ಅಧಿಕಾರವನ್ನು ಸೋತ ಮೇಲೂ ಇಟ್ಟುಕೊಂಡಿದ್ದರು. ಕಾಗದವನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಒಮ್ಮೆ ಮೂಸಿಯೂ ನೋಡಿ, ಅಸಲಿಯೆಂದು ಆಗಲೇ ತೀರ್ಮಾನಿಸಿಬಿಟ್ಟಿದ್ದರು.

ನಾನು ಸಿಂಹಗಳನ್ನು ಎಣಿಸಿ ತೋರಿಸಿದೆ. ಪಾದಾರವಿಂದಗಳನ್ನು ಓದಿ ಹೇಳಿದೆ. ಪತ್ರಿಕೆಯ ತುಣುಕನ್ನು ತೆಗೆದು ಮುಂದಿಟ್ಟೆ. ಅದನ್ನು ತೆಗೆದುಕೊಂಡ ಬೋರೇಗೌಡರು ಉಂಗುರದ ಜಾಹೀರಾತನ್ನು ಪೂರ್ತಿ ಓದಿ ಹಿಂದಕ್ಕೆ ಕೊಟ್ಟರು. ಕೊನೆಗೆ ನನ್ನ ದೊಡ್ಡ ಅಸ್ತ್ರವನ್ನೇ ತೆಗೆದೆ. "ಅತ್ತೆ, ಇದು ದುಡ್ಡು ಕೇಳುತ್ತಾ ಇದೆ. ನಿಜವಾದ ಸರ್ಕಾರ ವಿಧವಾ ವೇತನ ಕೊಡೋದಕ್ಕೆ ದುಡ್ಡು ಕೇಳೋದಿಲ್ಲ."

ಬೋರೇಗೌಡರು ನಕ್ಕರು, ಎಲೆ ಅಡಿಕೆ ಬಾಯಿಂದ ಆಚೆಗೆ ಬರುವಷ್ಟು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಪಕ್ಕದ ಮನೆಯ ಹೆಂಗಸು ಏನೆಂದು ಕೇಳಲು ಬಂದವಳು, ಕೇಳಿ, ತಾನೂ ನಿಂತು ನಕ್ಕಳು.

"ಅಲ್ಲಾ ಕಣ್ಲಾ," ಅಂದರು ಬೋರೇಗೌಡರು, ಕಣ್ಣೊರೆಸಿಕೊಳ್ಳುತ್ತ, "ನೀನು ಪೇಪರ್‌ನಾಗೆ ಬರ್ಯೋನು ಅಂತಾರೆ. ಯಾವ್ ದೇಸದ್ ಪೇಪರ್ಲಾ ಅದು?"

"ಖಾತೆ ಮಾಡ್ಸಕ್ಕೆ ಕೇಳ್ನಿಲ್ವಾ?" ಅತ್ತೆ ಬೆರಳು ಮಡಿಸತೊಡಗಿದಳು. "ನಿಮ್ ಮಾವನ್ ಮರ್ಣದ್ ಸಲ್ಟಿಪಿಕೇಟ್‌ಗೆ ಕೇಳ್ನಿಲ್ವಾ? ಸತ್ತೋನು ಸತ್ತವ್ನೆ ಅಂತ ಬರ್ಕೊಡಕ್ಕೆ, ಮಗಾ! ದುಡ್ಡು ಕೇಳವ್ರೆ ಅಂದ್ಮ್ಯಾಕೆ ಇದು ಸರ್ಕಾರದ್ದೆಯಾ. ಕಳ್ಳ ನನ್ಮಕ್ಳು ಆಗಿದ್ರೆ ಬಿಟ್ಟಿ ಕೊಡ್ತೀವಿ ಬಾ ಅಂತ ಆಸೆ ತೋರ್ಸೋರು."

"ಅದೂ ಒಂದೇ ರೇಟು ಮಡಗವ್ರೆ, ಎಲ್ರಿಗೂವೆ," ಎಂದರು ಬೋರೇಗೌಡರು ಮೆಚ್ಚುಗೆಯಿಂದ. "ಕಾಗ್ದದ್ ಮ್ಯಾಲೇ ಅಚ್ಚಾಕ್ಸವ್ರೆ. ಮೊಕ ನೋಡಿ ಕೇಳದಿಲ್ಲ. ಇಂತಾ ನಿಯತ್ತು ಇನ್ನೆಲ್ಲದೆ ಯೋಳು."

ವಂಚನೆಯ ಕಾಗದವನ್ನು ಗುರುತಿಸುವುದು ಹೇಗೆಂದು ನಾನು ಬರೆದದ್ದೆಲ್ಲ, ಸರ್ಕಾರ ಹೇಗಿರಬೇಕೆಂದು ಶಾಲೆಯ ಪೌರನೀತಿ ಪುಸ್ತಕದಲ್ಲಿ ಓದಿದವನ ಲಕ್ಷಣ ಪಟ್ಟಿ. ಅತ್ತೆಯದು ಸರ್ಕಾರದ ಜೊತೆ ಸಂಸಾರ ಮಾಡಿದವಳದು.

ಆದರೂ ಅತ್ತೆ ಹಣ ಕಳಿಸಲಿಲ್ಲ. ನನ್ನ ವಾದದಿಂದಲ್ಲ, ಶುಲ್ಕದ ಹಣವನ್ನು ಮೈದುನನ ಹತ್ತಿರವೇ ಕೇಳಬೇಕಿತ್ತು. ಕೇಳಿದಳು. ಅವನು 'ಯಾಕೆ' ಅಂದ. ಹೇಳಿದಳು. "ನಾವೇನ್ ಉಪಾಸ ಕೆಡವಿದ್ದೀವಾ ಅತ್ಗೆ, ಸರ್ಕಾರದ್ ಮುಂದೆ ಓಗಿ ಕೈ ಒಡ್ಡಕ್ಕೆ?" ಎಂದು ಹೇಳಿ ಟವೆಲು ಕೊಡವಿಕೊಂಡು ಹೊರಟುಹೋದ. ಹದಿನೈದು ದಿನ ಕಳೆಯಿತು. ಪತ್ರಿಕೋದ್ಯಮದ ಕೈಲಾಗದ್ದನ್ನು ಜಿಪುಣತನ ಸಾಧಿಸಿತು. ಅತ್ತೆ ಮಾತ್ರ ಅಣ್ಣತಮ್ಮಂದಿರಿಬ್ಬರ ಮೇಲೂ ಸಿಟ್ಟಾದಳು, ಒಬ್ಬ ಸತ್ತದ್ದಕ್ಕೆ, ಇನ್ನೊಬ್ಬ ಕೊಡದ್ದಕ್ಕೆ.

ಇತ್ತ, ಆ ತಾಲ್ಲೂಕಿಗೆ ಹೊಸದಾಗಿ ಬಂದಿದ್ದ ಅಧಿಕಾರಿಯೊಬ್ಬರು ನಮ್ಮ ವರದಿ ಓದಿದರಂತೆ. ಅಧಿಕಾರಿಗಳು ನಮ್ಮ ವರದಿ ಓದುವುದು ಅಪರೂಪ, ಓದಿ ಏನಾದರೂ ಮಾಡುವುದು ಅದಕ್ಕಿಂತ ಅಪರೂಪ. ಇವರು ಮಾಡಿದರು. ಬಾಕಿ ಬಿದ್ದಿದ್ದ ಅರ್ಜಿಗಳನ್ನು ತೆಗೆಸಿ, ಹೊಸ ಕಾಗದ ಅಚ್ಚು ಹಾಕಿಸಿ, ಅರ್ಜಿದಾರರಿಗೆಲ್ಲ ಕಳಿಸಿದರು. ಇಂಥ ದಿನ ರೇಷನ್ ಕಾರ್ಡು, ಫೋಟೋ ತೆಗೆದುಕೊಂಡು ಕಚೇರಿಗೆ ಬನ್ನಿ. ಯಾವ ಶುಲ್ಕವೂ ಇಲ್ಲ. ಕೆಳಗೆ ದಪ್ಪ ಅಕ್ಷರದಲ್ಲಿ: ಈ ಕೆಲಸಕ್ಕಾಗಿ ಯಾರಿಗೂ ಹಣ ಕೊಡಬೇಡಿ. ಕಾಗದ ಶ್ರಾವಣದಲ್ಲಿ, ಅಂದರೆ ಹಾಜರಾಗಬೇಕಾದ ದಿನಕ್ಕೆ ಸಾಕಷ್ಟು ಮುಂಚೆಯೇ ತಲುಪಿತು. ಅತ್ತೆಯ ಹೆಸರು ಸರಿಯಾಗಿತ್ತು. ಮಾವನ ಹೆಸರೂ ಸರಿಯಾಗಿತ್ತು.

ಬೋರೇಗೌಡರು ಅದನ್ನು ಮೂಸಿ ನೋಡುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲವಂತೆ. "ಯಾರ್ಗೂ ದುಡ್ಡು ಕೊಡ್ಬ್ಯಾಡಿ ಅಂತ ಸರ್ಕಾರ ಬರೀತದಾ ಜವ್ರಮ್ಮ? ಇದು ಆ ಪೇಪರಿನೋನು ಯೋಳ್ತಿದ್ನಲ್ಲ, ಆ ಕಳ್ರೇಯ. ರೇಷನ್ ಕಾರ್ಡು ಈಸ್ಕೊಂಡು ಓಡೋಗ್ತಾರೆ, ಸೀಮೆಎಣ್ಣೆಗೂ ಗತಿ ಇಲ್ದಂಗಾಯ್ತದೆ." ಮೊದಲನೆಯ ಕಾಗದದ ವಿಷಯದಲ್ಲಿ ಅಳಿಯನ ಮಾತು ಕೇಳಲಿಲ್ಲವೆಂಬ ಅಳುಕು ಅತ್ತೆಗೆ ಸ್ವಲ್ಪ ಇದ್ದಿರಬೇಕು. ಈ ಸಲ ಎಚ್ಚರ ವಹಿಸಿದಳು. ಹೋಗಲಿಲ್ಲ. ಆ ಊರಿನ ಅರ್ಜಿದಾರರಲ್ಲಿ ಯಾರೂ ಹೋಗಲಿಲ್ಲ.

ನನಗೆ ತಿಳಿದದ್ದು ಗೌರಿಹಬ್ಬದ ಹಿಂದಿನ ವಾರ ಅತ್ತೆಗೆ ಹಬ್ಬದ ಖರ್ಚಿಗೆ ಕೊಟ್ಟುಬರಲು ಹೋದಾಗ. ಕಾಗದದಲ್ಲಿದ್ದ ತಾರೀಕು ಆಗಲೇ ದಾಟಿಹೋಗಿತ್ತು. ಮಾರನೆಯ ದಿನ ಅತ್ತೆಯನ್ನು ಬಸ್ಸು ಹತ್ತಿಸಿಕೊಂಡು ಕಚೇರಿಗೆ ಹೊರಟೆ. ಇನ್ನೊಮ್ಮೆ ಅರ್ಜಿ ಹಾಕಿ ಇನ್ನಷ್ಟು ವರ್ಷ ಕಾಯಬೇಕಾದರೆ ಎಂದು ದಾರಿಯುದ್ದಕ್ಕೂ ನಾನು ಯೋಚಿಸುತ್ತಿದ್ದೆ; ಅತ್ತೆ, ಈ ಬಸ್ ಚಾರ್ಜನ್ನು ಸ್ವಂತ ದುಡ್ಡಲ್ಲೇ ಕೊಡುವಂತಿದ್ದರೆ ಎಷ್ಟು ಚೆನ್ನ ಎಂದು ಒಮ್ಮೆ ಅಂದಳು. ಹೋಗಿ ನೋಡಿದರೆ ಆ ಅಧಿಕಾರಿಗೆ ವರ್ಗವಾಗಿತ್ತು. ವಿಧವಾ ವೇತನದ ಮೇಜಿನಲ್ಲಿ ಇದ್ದದ್ದು ಹಳೆಯ ಗುಮಾಸ್ತರೇ.

"ಕಾಗ್ದ ಬಂದಿತ್ತಲ್ಲಮ್ಮ, ಯಾಕ್ ಬರ್ಲಿಲ್ಲ?" ಎಂದರು ಗುಮಾಸ್ತರು.

"ದುಡ್ಡು ಕೇಳಿರ್ನಿಲ್ಲ ಕಣಪ್ಪ," ಎಂದಳು ಅತ್ತೆ, ಮುಚ್ಚುಮರೆಯಿಲ್ಲದೆ. "ಯಾರೋ ಕಳ್ರು ಬರ್ದವ್ರೆ ಅನ್ಕಂಡೆ."

ಪಕ್ಕದ ಮೇಜಿನ ಟೈಪ್‌ರೈಟರು ನಿಂತಿತು. ಗುಮಾಸ್ತರು ಅತ್ತೆಯ ಮುಖವನ್ನು ದಿಟ್ಟಿಸಿ ನೋಡಿದರು. ವ್ಯಂಗ್ಯವೇನೂ ಕಾಣದಿದ್ದರಿಂದ ಅವರಿಗೆ ಸಮಾಧಾನವಾದಂತೆ ತೋರಿತು. ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

"ಈಗ ವಜಾ ಆಗೋಗಿದೆ. ಆದ್ರೂ ನೋಡಣ ಬುಡಿ, ಮತ್ತೆ ಮೇಲಿಕ್ಕೆ ಎತ್ತಿ ಇಡ್ಬೋದು. ಅಲ್ಲೊಬ್ರು ಇಲ್ಲೊಬ್ರು ಇರ್ತಾರೆ, ಕಾಫಿಗೀಫಿಗೆ ಏನಾದ್ರೂ..."

ಅತ್ತೆಯ ಮುಖ ಅರಳಿದ್ದನ್ನು ನಾನು ಕಂಡೆ. ನನ್ನ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ, "ನೋಡ್ಲಾ, ಇದು ಸರ್ಕಾರ" ಎಂದಳು. ಸೆರಗಿನ ತುದಿಯ ಗಂಟು ಬಿಚ್ಚಲು ಶುರುಮಾಡಿದಳು. ಆ ಗಂಟಿನಲ್ಲಿದ್ದದ್ದು ನಾನು ಹಿಂದಿನ ದಿನ ಹಬ್ಬದ ಖರ್ಚಿಗೆಂದು ಕೊಟ್ಟ ಹಣ.

"ಕೊಡಬೇಡ ಅತ್ತೆ," ಎಂದೆ. ಗುಮಾಸ್ತರಿಗೆ ನನ್ನ ಹೆಸರು ಹೇಳಿದೆ, ಪತ್ರಿಕೆಯ ಹೆಸರನ್ನೂ ಹೇಳಿದೆ.

ಆಮೇಲಿನದು ನೋಡುವಂತಿತ್ತು. ಗುಮಾಸ್ತರು ಎದ್ದು ನಿಂತರು. "ಅಯ್ಯೋ ಸಾರ್, ಮೊದ್ಲೇ ಹೇಳ್ಬಾರ್ದಾ! ನಾನು ಅಂದಿದ್ದು, ಅಮ್ಮಾವ್ರು ಬಿಸಿಲಲ್ಲಿ ಬಂದವ್ರೆ, ಕಾಫಿ ಕುಡೀಲಿ ಅಂತ." ಕಾಫಿ ಬಂತು. ಕಾಫಿಯ ಜೊತೆಗೆ ಅತ್ತೆಗೆ ಸ್ಟೂಲು ಬಂತು. ಅರ್ಜಿ ಹೊರಬಂತು, ಫೋಟೋಕ್ಕೆ ಗೋಂದು ಬಂತು, ಹೆಬ್ಬೆಟ್ಟಿಗೆ ಮಸಿಯ ಪ್ಯಾಡು ಬಂತು. ಹೆಬ್ಬೆಟ್ಟು ಒರೆಸಿಕೊಳ್ಳಲು ಗುಮಾಸ್ತರು ತಮ್ಮ ಕರವಸ್ತ್ರವನ್ನೇ ಕೊಟ್ಟರು. "ಇನ್ನು ನಿಶ್ಚಿಂತೆಯಾಗಿರಿ ತಾಯಿ, ನಿಮ್ ಕೆಲ್ಸ ಆಯ್ತು ಅಂತ್ಲೇ ತಿಳ್ಕೊಳಿ" ಎಂದು ಬಾಗಿಲ ತನಕ ಬಂದು ಕೈಮುಗಿದರು.

ನಾನು ಬೀಗುತ್ತ ಬಸ್ಸು ಹತ್ತಿದೆ. ಬಸ್ಸು ಊರು ದಾಟಿ, ನಾಲೆಯ ಏರಿ ಸಿಕ್ಕಿದ ಮೇಲೆ, ಕಿಟಕಿಯಾಚೆ ನೋಡುತ್ತಲೇ ಅತ್ತೆ ಬಾಯಿಬಿಟ್ಟಳು.

"ತಾಯಿ ಅಂದ ಕಣ್ಲಾ."

"ಹೂಂ."

"ಕೈ ಮುಗ್ದ. ಕಾಪಿ ಕೊಡುಸ್ದ. ಒಂದ್ ಕಾಸೂ ಈಸ್ಕನಿಲ್ಲ."

"ಒಳ್ಳೇದಲ್ವಾ ಅತ್ತೆ?"

"ಯಾವ್ದ್ ಒಳ್ಳೇದು? ಇನ್ ಅದು ಬಂದಂಗೆಯಾ ಬುಡು. ಎಲ್ಲಾ ಸರ್ಯಾಗಿ ನಡೀತಿತ್ತು. ನೀನ್ಯಾಕ್ ಮಧ್ಯ ಬಾಯಾಕ್ದೆ?"

ನಾನು ಕಾನೂನು ಹೇಳಿದೆ. ಅವರು ಈಗ ಹೆದರಿದ್ದಾರೆ, ಖಂಡಿತ ಮಾಡಿಕೊಡುತ್ತಾರೆ ಎಂದೆ. "ಎದ್ರಿದ್ರೆ ಎದ್ರಿಕೆ ಓಗಗಂಟ ಮಾಡ್ತನೆ. ಈಸ್ಕಂಡಿದ್ರೆ ನನ್ ಮೊಕ ನೆಪ್ಪಿರದು" ಎಂದಳು. ಇಳಿಯುವಾಗ, ಸಿಟ್ಟು ಇಳಿಯದಿದ್ದರೂ, ನನ್ನ ಕೆನ್ನೆ ಮುಟ್ಟಿ ನೆಟಿಗೆ ತೆಗೆದಳು.

ನಾನು ಶ್ರೀರಂಗಪಟ್ಟಣಕ್ಕೆ ವಾಪಸು ಬಂದೆ. ಪತ್ರಿಕಾ ವರದಿಯ ಪರಿಣಾಮವೆಂದು ಒಂದು ಸಣ್ಣ ಸುದ್ದಿ ಬರೆದೆ. ಜಾಗವಿಲ್ಲದೆ ಅದು ಬರಲಿಲ್ಲ. ನಿಗಮದ ಪೋಸ್ಟ್ ಬಾಕ್ಸನ್ನು ಬಾಡಿಗೆಗೆ ಹಿಡಿದವರು ಯಾರೆಂಬುದು ಪತ್ತೆಯಾಗಲಿಲ್ಲ.

ಅತ್ತೆ ಮುಂದಿನ ವಾರ ಯಾರಿಗೂ ಹೇಳದೆ, ಒಬ್ಬಳೇ, ಇನ್ನೊಮ್ಮೆ ಆ ಕಚೇರಿಗೆ ಹೋಗಿ ಬಂದಳು. ಮೊದಲ ಮನಿಯಾರ್ಡರು ದೀಪಾವಳಿಗೆ ಮುಂಚೆ ಬಂತು.